ಮೊದಲ ಪೈಪ್ ತಂಬಾಕು: ಎಲೆ ನೋಡಿ ಆರಿಸುವುದು ಹೇಗೆ?

ನಾನು ಕೊಂಡ ಮೊದಲ ಪೈಪ್ ತಂಬಾಕಿಗೆ ಚೆರ್ರಿ ಹಣ್ಣಿನ ವಾಸನೆ ಇತ್ತು. ಪೊಟ್ಟಣ ತೆರೆದರೆ ಕೋಣೆಯೆಲ್ಲ ಘಮಘಮ. ಖುಷಿಯಿಂದ ಪೈಪಿಗೆ ತುಂಬಿ ಹಚ್ಚಿದೆ. ಬಾಯಿಗೆ ಚೆರ್ರಿ ಬರಲೇ ಇಲ್ಲ. ಬಂದದ್ದು ಬಿಸಿ ಹಬೆ, ಪೈಪಿನ ಬುಡದಲ್ಲಿ ಗುಳುಗುಳು ಸದ್ದು, ಹತ್ತೇ ನಿಮಿಷದಲ್ಲಿ ನಾಲಿಗೆ ತುದಿಗೆ ಚುರುಚುರು ಉರಿ. ಇದು ನನ್ನ ಕೈಲಾಗದ ಕೆಲಸ ಅಂದುಕೊಂಡು ಪೈಪನ್ನು ಎತ್ತಿಟ್ಟೆ.

ಎರಡು ತಿಂಗಳಾದ ಮೇಲೆ, ಬಹಳ ವರ್ಷಗಳಿಂದ ಪೈಪ್ ಸೇದುವ ಹಿರಿಯರೊಬ್ಬರು ಅದೇ ಪೊಟ್ಟಣಕ್ಕೆ ಕೈ ಹಾಕಿದರು. ಒಂದು ಚಿಟಿಕೆ ತೆಗೆದು ಬೆರಳಲ್ಲಿ ಹಿಸುಕಿದರು. ಅದು ಮುದ್ದೆಯಾಗಿ ಹಾಗೇ ನಿಂತಿತು. "ಇದು ಇನ್ನೂ ಒದ್ದೆ ಇದೆಯಪ್ಪಾ. ಒಣಗಿಸಿ ಸೇದು. ಆಮೇಲೆ ಯಾವ ವಾಸನೆಯನ್ನೂ ಹಾಕದ ಎಲೆ ಒಂದನ್ನು ಸೇದಿ ನೋಡು" ಅಂದರು. ಪೊಟ್ಟಣದಲ್ಲಿ ದೋಷ ಇರಲಿಲ್ಲ. ನಾನು ಮೂಗಿನ ಮಾತು ಕೇಳಿ ಕೊಂಡಿದ್ದೆ, ಅಷ್ಟೇ. ಹೊಸಬರಲ್ಲಿ ಬಹಳ ಜನ ಎಡವುವುದು ಇಲ್ಲೇ. ಆದ್ದರಿಂದ ಈ ಬರಹದಲ್ಲಿ ಡಬ್ಬಿಯ ಹೆಸರುಗಳಿಗಿಂತ ಎಲೆಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮುಂದೆ ಹೋಗುವ ಮೊದಲು ಒಂದು ಮಾತು ನೇರವಾಗಿ ಹೇಳಬೇಕು. ಪೈಪಿನ ಹೊಗೆಯನ್ನು ಎದೆಗೆ ಎಳೆಯದಿದ್ದರೂ ತುಟಿ, ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ನಿಕೋಟಿನ್ ಚಟ ಹಿಡಿಸುತ್ತದೆ. ಇಷ್ಟು ಸೇದಿದರೆ ಏನೂ ಆಗಲ್ಲ ಅನ್ನುವ ಲೆಕ್ಕ ಇಲ್ಲ. ತಂಬಾಕು ಮುಟ್ಟದವರು ಇದನ್ನು ಓದಿ ಶುರು ಮಾಡಬೇಕಿಲ್ಲ. ಪೈಪ್ ಹಿಡಿಯುವುದೆಂದು ಆಗಲೇ ತೀರ್ಮಾನ ಮಾಡಿರುವ ವಯಸ್ಕರಿಗೆ ಮಾತ್ರ ಇದು. ಮಕ್ಕಳು, ಗರ್ಭಿಣಿಯರು ಇರುವ ಕಡೆ ಸೇದಲೇಬೇಡಿ.

ಹಂತ 1: ಎಲೆಗಳ ಪರಿಚಯ ಮಾಡಿಕೊಳ್ಳಿ

ಮಾರಾಟಕ್ಕಿರುವ ಬ್ಲೆಂಡುಗಳ, ಅಂದರೆ ಎಲೆಗಳನ್ನು ಬೆರೆಸಿ ಮಾಡಿದ ಮಿಶ್ರಣಗಳ ಹೆಸರು ಸಾವಿರಾರು. ಆದರೆ ಅವುಗಳ ಒಳಗಿರುವ ಎಲೆಗಳು ಬೆರಳೆಣಿಕೆಯಷ್ಟು. ಇವು ಗೊತ್ತಾದರೆ ಯಾವ ಡಬ್ಬಿ ಕೈಗೆ ಬಂದರೂ ಒಳಗೆ ಏನಿರಬಹುದು ಅಂತ ಅಂದಾಜು ಸಿಗುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ವರ್ಜೀನಿಯಾ ಎಲೆಯನ್ನು ಬ್ಯಾರನ್, ಅಂದರೆ ತಂಬಾಕು ಒಣಗಿಸುವ ಮನೆಯ ಒಳಗೆ ಬಿಸಿಗಾಳಿಯಲ್ಲಿ ಸುಮಾರು ಒಂದು ವಾರ ಹದ ಮಾಡುತ್ತಾರೆ. ಬೇಗ ಒಣಗುವುದರಿಂದ ಎಲೆಯ ಸಕ್ಕರೆ ಅಂಶ ಅದರೊಳಗೇ ಉಳಿಯುತ್ತದೆ. ಹಳದಿ ವರ್ಜೀನಿಯಾದಲ್ಲಿ ಒಣಹುಲ್ಲಿನ ವಾಸನೆ, ನಿಂಬೆ ಸಿಪ್ಪೆಯಂಥ ಚುರುಕು ಇರುತ್ತದೆ. ಕೆಂಪು ವರ್ಜೀನಿಯಾ ಆಗತಾನೇ ಬೆಂದ ಬ್ರೆಡ್ಡಿನ ಹಾಗೆ, ಒಣಹಣ್ಣಿನ ಹಾಗೆ ಗಾಢ. ಸಿಹಿ ಇದರ ಗುಣ. ಆದರೆ ಅವಸರ ಮಾಡಿ ದಮ್ ಮೇಲೆ ದಮ್ ಎಳೆದರೆ ನಾಲಿಗೆ ಸುಡುವುದರಲ್ಲೂ ಇದೇ ಮುಂದು.

ಬರ್ಲಿಯನ್ನು ಬಿಸಿಗೆ ಒಡ್ಡುವುದಿಲ್ಲ. ನೆರಳಲ್ಲಿ, ಗಾಳಿಯಾಡುವ ಕಡೆ ವಾರಗಟ್ಟಲೆ ತೂಗುಹಾಕುತ್ತಾರೆ. ಅಷ್ಟು ಹೊತ್ತಿಗೆ ಸಕ್ಕರೆ ಬಹುತೇಕ ಕರಗಿಹೋಗಿರುತ್ತದೆ. ಈಗ ಬಳಕೆಯಲ್ಲಿರುವ ಬಿಳಿ ಬರ್ಲಿ ತಳಿ 1864ರಲ್ಲಿ ಅಮೆರಿಕದ ಒಹಾಯೋದಲ್ಲಿ ಮೊದಲು ಕಾಣಿಸಿಕೊಂಡಿತು. ರುಚಿ ಹುರಿದ ಬೀಜಗಳ ಹಾಗೆ, ಸಿಹಿ ಇಲ್ಲದ ಕೋಕೋ ಹಾಗೆ. ಸಿಹಿ ಕಡಿಮೆ, ಮೈ ತುಂಬಿದ ಹೊಗೆ. ಇದರ ಎಲೆ ಸ್ಪಂಜಿನ ಹಾಗೆ, ಹಾಕಿದ ರಸವನ್ನೆಲ್ಲ ಹೀರಿಕೊಳ್ಳುತ್ತದೆ. ಪರಿಮಳದ ಬ್ಲೆಂಡುಗಳಲ್ಲಿ ಬರ್ಲಿ ಅಷ್ಟೊಂದು ಕಾಣುವುದು ಅದಕ್ಕೇ. ನಿಕೋಟಿನ್ ಮಾತ್ರ ಇದರಲ್ಲಿ ಸಾಮಾನ್ಯವಾಗಿ ಜಾಸ್ತಿ.

ಓರಿಯೆಂಟಲ್ ಅಥವಾ ಟರ್ಕಿಶ್ ಎಲೆಗಳು ತೀರಾ ಚಿಕ್ಕವು. ಬಿಸಿಲಲ್ಲಿ ಒಣಗಿಸಿದವು. ಇಜ್ಮೀರ್, ಸಮ್ಸುನ್, ಬಸ್ಮಾ ಅನ್ನುವ ಹೆಸರುಗಳನ್ನು ಡಬ್ಬಿಗಳ ಮೇಲೆ ಕಾಣಬಹುದು. ತುಸು ಹುಳಿ, ತುಸು ಒಗರು, ಹಳೇ ಮರದ ಪೆಟ್ಟಿಗೆ ತೆರೆದಂಥ ವಾಸನೆ.

ಲಟಾಕಿಯಾ ಹೊಸಬರನ್ನು ಬೆಚ್ಚಿಬೀಳಿಸುವ ಎಲೆ. ಸಿರಿಯಾದ ಬಂದರು ಊರಿನಿಂದ ಬಂದ ಹೆಸರು. ಈಗ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಸೈಪ್ರಸ್ ಎಲೆಯದು. ಒಣಗಿದ ಎಲೆಯನ್ನು ಸೌದೆಯ ಹೊಗೆಯಲ್ಲಿ ಕಪ್ಪಾಗುವವರೆಗೆ ಹೊಗೆಯಾಡಿಸುತ್ತಾರೆ. ಡಬ್ಬಿ ತೆರೆದರೆ ಉರಿದಾರಿದ ಸೌದೆ, ಚರ್ಮದ ಚೀಲ, ಒಮ್ಮೊಮ್ಮೆ ಟಾರಿನ ವಾಸನೆ. ಆದರೆ ಬಾಯಲ್ಲಿ ಅದು ಅಷ್ಟು ಒರಟಾಗಿರುವುದಿಲ್ಲ. ತಣ್ಣಗೆ ಉರಿಯುತ್ತದೆ, ನಾಲಿಗೆ ಸುಡುವುದು ಕಡಿಮೆ. ವಾಸನೆಗೆ ಹೆದರಿ ಇದನ್ನು ದೂರ ಇಟ್ಟವರು ಒಮ್ಮೆಯಾದರೂ ಸೇದಿ ನೋಡಲಿ ಅನ್ನುವುದು ನನ್ನ ಆಸೆ.

ಪೆರೀಕ್ ಹುಟ್ಟಿದ ಜಾಗ ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್. ಎಲೆಯನ್ನು ವಿಸ್ಕಿ ಪೀಪಾಯಿಗೆ ತುಂಬಿ, ಮೇಲೆ ಭಾರ ಬಿಗಿದು, ಅದರದೇ ರಸದಲ್ಲಿ ತಿಂಗಳುಗಟ್ಟಲೆ ಹುದುಗಲು ಬಿಡುತ್ತಾರೆ. ನಡುನಡುವೆ ಹೊರತೆಗೆದು, ಗಾಳಿಗೆ ಬಿಡಿಸಿ, ಮತ್ತೆ ಒತ್ತುತ್ತಾರೆ. ಕರಿಮೆಣಸಿನ ಖಾರ ಮತ್ತು ಒಣದ್ರಾಕ್ಷಿಯ ಹುಳಿಸಿಹಿ ಒಟ್ಟಿಗೆ ಬರುತ್ತದೆ. ಒಂಟಿಯಾಗಿ ಸೇದುವ ಎಲೆ ಅಲ್ಲ ಇದು. ಚಿಟಿಕೆಯಷ್ಟು ಬಿದ್ದರೆ ಸಾಕು, ಬೇರೆ ಎಲೆಯ ರುಚಿ ಏರುತ್ತದೆ.

ಇನ್ನೊಂದು ಹೆಸರು ಕ್ಯಾವೆಂಡಿಷ್. ಇದು ತಳಿ ಅಲ್ಲ, ಮಾಡುವ ವಿಧಾನ. ವರ್ಜೀನಿಯಾ ಅಥವಾ ಬರ್ಲಿಗೆ ಸಿಹಿ ಬೆರೆಸಿ, ಬಿಸಿ ಮತ್ತು ಒತ್ತಡ ಕೊಟ್ಟು ಮೆದು ಮಾಡುತ್ತಾರೆ. ಹಬೆಯಲ್ಲಿ ಕಪ್ಪಾಗಿಸಿದರೆ ಬ್ಲ್ಯಾಕ್ ಕ್ಯಾವೆಂಡಿಷ್. ಕೆಂಟಕಿ ಅಂತ ಕಂಡರೆ ಬೆಂಕಿಯ ಹೊಗೆಯಲ್ಲಿ ಹದ ಮಾಡಿದ ಗಟ್ಟಿ ಎಲೆ. ಅದು ಹೊಸಬರಿಗೆ ಸದ್ಯಕ್ಕೆ ಬೇಡ.

ಹಂತ 2: ಮನೆತನ ಗುರುತಿಸಿ

ಈ ಎಲೆಗಳು ಕೂಡುವ ರೀತಿಯಲ್ಲಿ ಕೆಲವು ಮನೆತನಗಳು ಆಗಿವೆ. ವೆನಿಲಾ, ಚೆರ್ರಿ, ರಮ್ ಹೀಗೆ ಪರಿಮಳ ಹಾಕಿದ್ದೆಲ್ಲ ಅರೋಮ್ಯಾಟಿಕ್. ವರ್ಜೀನಿಯಾ, ಓರಿಯೆಂಟಲ್, ಲಟಾಕಿಯಾ ಸೇರಿದರೆ ಇಂಗ್ಲಿಷ್. ಅದರಲ್ಲಿ ಓರಿಯೆಂಟಲ್ ಮೇಲುಗೈ ಆದರೆ ಬಾಲ್ಕನ್ ಅನ್ನುತ್ತಾರೆ. ಗೆರೆ ಎಳೆದಷ್ಟು ಸ್ಪಷ್ಟ ವ್ಯತ್ಯಾಸ ಏನಿಲ್ಲ. ವರ್ಜೀನಿಯಾ ಮತ್ತು ಪೆರೀಕ್ ಜೋಡಿಗೆ ವೇಪರ್ ಅಂತ ಚುಟುಕು ಹೆಸರು. ಬರ್ಲಿಯೇ ಮುಖ್ಯವಾದ ಸರಳ ಬ್ಲೆಂಡುಗಳು ಇನ್ನೊಂದು ಗುಂಪು.

ಅರೋಮ್ಯಾಟಿಕ್ ಬಗ್ಗೆ ಒಂದು ಮಾತು. ಅದರ ಘಮ ಹೆಚ್ಚಾಗಿ ಪಕ್ಕದಲ್ಲಿ ಕೂತವರಿಗೆ ಸಿಗುತ್ತದೆ. ಸೇದುವವರ ಬಾಯಿಗೆ ಸಿಗುವುದು ಅದರ ನೆರಳು ಮಾತ್ರ. ಮೇಲಿಂದ ಚಿಮುಕಿಸಿದ ಪರಿಮಳ ಬೆಂಕಿ ತಾಗಿದೊಡನೆ ಬಹುಪಾಲು ಹಾರಿಹೋಗುತ್ತದೆ. ಒಣಗದಿರಲಿ ಅಂತ ಇಂಥ ತಂಬಾಕಿಗೆ ಪ್ರೊಪಿಲೀನ್ ಗ್ಲೈಕಾಲ್ ಹಾಕುವುದೂ ಉಂಟು. ಅಂಥದ್ದು ಎಷ್ಟು ಹೊತ್ತು ಗಾಳಿಗೆ ಹರಡಿದರೂ ಪೂರ್ತಿ ಒಣಗುವುದಿಲ್ಲ. ಆ ತೇವ ಹಬೆಯಾಗುತ್ತದೆ, ಹಬೆ ನಾಲಿಗೆ ಸುಡುತ್ತದೆ. ಅರೋಮ್ಯಾಟಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವು ಬೇಕಾದಷ್ಟಿವೆ. ಆದರೆ "ಹೊಸಬರಿಗೆ ಅದೇ ಸುಲಭ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸೇದುವ ಕ್ರಮ ಗೊತ್ತಿಲ್ಲದವರ ಕೈಯಲ್ಲಿ ಒದ್ದೆ ಅರೋಮ್ಯಾಟಿಕ್‌ನಷ್ಟು ಕಷ್ಟದ ತಂಬಾಕು ಇನ್ನೊಂದಿಲ್ಲ.

ಹಂತ 3: ಮೂರೇ ಮೂರು ಕೊಳ್ಳಿ

ಹತ್ತು ಡಬ್ಬಿ ಒಟ್ಟಿಗೆ ಕೊಂಡರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಮೂರು ಬೇರೆ ಬೇರೆ ಮನೆತನಗಳಿಂದ ಒಂದೊಂದು, ಚಿಕ್ಕ ಪ್ರಮಾಣದಲ್ಲಿ ತನ್ನಿ. ಒಂದು ಬೌಲಿಗೆ, ಅಂದರೆ ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲಿಗೆ, ಸುಮಾರು 2ರಿಂದ 3 ಗ್ರಾಂ ಹಿಡಿಯುತ್ತದೆ. ಅಂದರೆ 50 ಗ್ರಾಮಿನ ಒಂದು ಡಬ್ಬಿಯಲ್ಲಿ ಇಪ್ಪತ್ತರ ಆಸುಪಾಸು ಬೌಲುಗಳು. ಬಿಡಿಯಾಗಿ ತೂಗಿ ಕೊಡುವ ಕಡೆ 25 ಗ್ರಾಂ ಕೇಳಿದರೂ ಕಲಿಯಲು ಸಾಕು.

ನನ್ನ ಕ್ರಮ ಹೀಗಿದೆ. ಮೊದಲನೆಯದು ಬರ್ಲಿ ಮುಖ್ಯವಾಗಿರುವ, ಸೌಮ್ಯವಾದ, ಪರಿಮಳ ಅತಿ ಕಡಿಮೆ ಇರುವ ಬ್ಲೆಂಡ್. ಕಾರ್ಟರ್ ಹಾಲ್ ಅಥವಾ ಪ್ರಿನ್ಸ್ ಆಲ್ಬರ್ಟ್ ಅಂಥವು. ಪ್ರಿನ್ಸ್ ಆಲ್ಬರ್ಟ್ 1907ರಿಂದ ಇದೆ. ಇವುಗಳ ಬೆನ್ನ ಹಿಂದೆ ದೊಡ್ಡ ಹೆಸರಿಲ್ಲದಿರಬಹುದು, ಆದರೆ ಸಮವಾಗಿ ಉರಿಯುತ್ತವೆ, ತಪ್ಪು ಮಾಡಿದರೂ ಕ್ಷಮಿಸುತ್ತವೆ. ತುಂಬುವುದು, ಹಚ್ಚುವುದು, ಒತ್ತುವುದು ಎಲ್ಲವನ್ನೂ ಇದರ ಮೇಲೆ ಕಲಿಯಿರಿ.

ಎರಡನೆಯದು ಹಗುರವಾದ ಇಂಗ್ಲಿಷ್. ಹಿಂದೆ ಡನ್‌ಹಿಲ್ ಹೆಸರಲ್ಲಿ ಬರುತ್ತಿದ್ದು ಈಗ ಪೀಟರ್ಸನ್ ಹೆಸರಲ್ಲಿ ಬರುವ ಅರ್ಲಿ ಮಾರ್ನಿಂಗ್ ಪೈಪ್ ಇದಕ್ಕೆ ಒಳ್ಳೇ ಉದಾಹರಣೆ. ಲಟಾಕಿಯಾ ಇದೆ, ಆದರೆ ಮೈಮೇಲೆ ಬೀಳುವುದಿಲ್ಲ. ಅದೇ ಸಾಲಿನ ನೈಟ್‌ಕ್ಯಾಪ್‌ಗೆ ಈಗಲೇ ಕೈ ಹಾಕಬೇಡಿ. ಹೆಸರೇ ಹೇಳುವ ಹಾಗೆ ಅದು ದಿನದ ಕೊನೆಗೆ ಸೇದುವ ಗಟ್ಟಿ ತಂಬಾಕು.

ಮೂರನೆಯದಕ್ಕೆ ವರ್ಜೀನಿಯಾ. ಆರ್ಲಿಕ್ ಗೋಲ್ಡನ್ ಸ್ಲೈಸ್ಡ್ ಅಂಥ ಹಗುರ ಫ್ಲೇಕ್ (ಒತ್ತಿ ಚಕ್ಕೆ ಮಾಡಿದ ತಂಬಾಕು) ಇರಲಿ. ಇದನ್ನು ಕೊನೆಗೆ ಇಟ್ಟಿರುವುದು ಬೇಕಂತಲೇ. ವರ್ಜೀನಿಯಾ ಸೇದಲು ತಾಳ್ಮೆ ಬೇಕು, ಆ ತಾಳ್ಮೆ ಮೊದಲ ಎರಡರಲ್ಲಿ ಬಂದಿರುತ್ತದೆ. ಪರಿಮಳ ಬೇಕೇ ಬೇಕು ಅನ್ನುವವರು ಮೂರರ ಜೊತೆ ಒಂದು ವೆನಿಲಾ ಅರೋಮ್ಯಾಟಿಕ್ ಸೇರಿಸಿಕೊಳ್ಳಿ. ಲೇನ್ 1-ಕ್ಯೂ ಬಹಳ ಜನ ಸೇದುವಂಥದ್ದು.

ಈ ಹೆಸರುಗಳೇ ಸಿಗಬೇಕೆಂದಿಲ್ಲ. ಸಿಗದಿದ್ದರೆ ಡಬ್ಬಿಯ ಹಿಂದೆ ಬರೆದಿರುವ ಎಲೆಗಳ ಪಟ್ಟಿ ನೋಡಿ ಅದೇ ಜಾತಿಯ ಬೇರೆ ಬ್ಲೆಂಡ್ ಆರಿಸಿ. ಮೊದಲನೇ ಹಂತ ಓದಿದ್ದರ ಪ್ರಯೋಜನ ಇಲ್ಲಿದೆ.

ಹಂತ 4: ಕಟ್ ಯಾವುದು ನೋಡಿ

ಒಂದೇ ಎಲೆಯಾದರೂ ಕತ್ತರಿಸಿದ ರೀತಿ ಬದಲಾದರೆ ಉರಿಯುವ ರೀತಿ ಬದಲಾಗುತ್ತದೆ. ರಿಬ್ಬನ್ ಕಟ್ ಅಂದರೆ ಉದ್ದುದ್ದ ಎಳೆಗಳು. ತೆಗೆದು ಹಾಗೇ ತುಂಬಬಹುದು. ಮೊದಲ ಎರಡು ಬ್ಲೆಂಡುಗಳು ಇದೇ ಕಟ್‌ನಲ್ಲಿರಲಿ. ಶ್ಯಾಗ್ ಅಂದರೆ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ್ದು. ಬೇಗ ಹತ್ತಿಕೊಂಡು ಬಿಸಿಯಾಗಿ ಉರಿಯುತ್ತದೆ, ಹೊಸಬರಿಗೆ ಒಳ್ಳೆಯದಲ್ಲ.

ಫ್ಲೇಕ್ ಬೇರೆ ಥರ. ಎಲೆಗಳನ್ನು ಒತ್ತಿ ಗಟ್ಟಿ ಹಲಗೆಯ ಹಾಗೆ ಮಾಡಿ, ಅದನ್ನು ತೆಳುವಾಗಿ ಸೀಳಿರುತ್ತಾರೆ. ಒಂದು ಚಕ್ಕೆ ಎತ್ತಿಕೊಂಡು ಅಂಚನ್ನು ನೋಡಿ. ಹಳದಿ, ಕೆಂಪು, ಕಂದು ಗೆರೆಗಳು ಪದರ ಪದರವಾಗಿ ಕಾಣುತ್ತವೆ. ಒಂದೊಂದು ಗೆರೆಯೂ ಒಂದೊಂದು ಎಲೆ. ಎರಡು ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ಉಜ್ಜಿದರೆ ಆ ಪದರಗಳು ಬಿಟ್ಟುಕೊಂಡು ಎಳೆಗಳಾಗುತ್ತವೆ. ಜಾಸ್ತಿ ಉಜ್ಜಿದರೆ ಪುಡಿ, ಪುಡಿಯಾದರೆ ಗಾಳಿ ಆಡುವುದಿಲ್ಲ. ಎಳೆ ಬಿಡಿಸಿದಷ್ಟೂ ಹಚ್ಚುವುದು ಸುಲಭ, ಗಟ್ಟಿಯಾಗಿ ಬಿಟ್ಟಷ್ಟೂ ನಿಧಾನ ಉರಿ. ಹೊಸಬರು ಪೂರ್ತಿ ಬಿಡಿಸಿಯೇ ತುಂಬಲಿ. ಪ್ಲಗ್ (ಸೀಳದೇ ಬಿಟ್ಟ ಗಟ್ಟಿ ತುಂಡು), ರೋಪ್ (ಹಗ್ಗದ ಹಾಗೆ ಹೊಸೆದದ್ದು) ಇವಕ್ಕೆ ಚಾಕು ಬೇಕು, ಅನುಭವವೂ ಬೇಕು. ಸದ್ಯ ಬಿಡಿ.

ಹಂತ 5: ತೇವದ ಹದ ನೋಡಿ

ಬ್ಲೆಂಡ್ ಚೆನ್ನಾಗಿಲ್ಲ ಅಂತ ಎಸೆದ ತಂಬಾಕಿನಲ್ಲಿ ಅರ್ಧಕ್ಕರ್ಧ ಬರೀ ಒದ್ದೆ ಇದ್ದದ್ದೇ ಇರಬೇಕು ಅನ್ನಿಸುತ್ತದೆ ನನಗೆ. ಡಬ್ಬಿಯಿಂದ ಬರುವ ತಂಬಾಕು ಸೇದುವ ಹದಕ್ಕಿಂತ ಸಾಮಾನ್ಯವಾಗಿ ಹೆಚ್ಚು ತೇವ ಇರುತ್ತದೆ. ಸ್ಯಾಮ್ಯುಯೆಲ್ ಗಾವಿತ್ ಕಂಪನಿಯ ಫುಲ್ ವರ್ಜೀನಿಯಾ ಫ್ಲೇಕ್ ಅಂತೂ ಕೈಗೆ ಅಂಟುವಷ್ಟು ಒದ್ದೆ.

ಪರೀಕ್ಷೆ ಹೀಗೆ ಮಾಡಿ. ಒಂದು ಚಿಟಿಕೆ ತೆಗೆದು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಸುಕಿ ಬಿಡಿ. ಮುದ್ದೆಯಾಗಿ ಹಾಗೇ ನಿಂತರೆ ಇನ್ನೂ ಒದ್ದೆ. ನಿಧಾನಕ್ಕೆ ಬಿಚ್ಚಿಕೊಂಡರೆ ಹದ ಸರಿ. ಗರಗರ ಪುಡಿಯಾದರೆ ಒಣಗಿದ್ದು ಜಾಸ್ತಿಯಾಯಿತು. ಒದ್ದೆ ಇದ್ದರೆ ಒಂದು ಬೌಲಿಗೆ ಬೇಕಾದಷ್ಟನ್ನು ಮಾತ್ರ ಕಾಗದದ ಮೇಲೆ ತೆಳುವಾಗಿ ಹರಡಿ. ಹದಿನೈದು ನಿಮಿಷ ಬಿಟ್ಟು ನೋಡಿ, ಮತ್ತೆ ಹದಿನೈದು ನಿಮಿಷ ಬಿಟ್ಟು ನೋಡಿ. ಕೆಲವಕ್ಕೆ ಒಂದು ಗಂಟೆಯೂ ಬೇಕು. ಬಿಸಿಲಲ್ಲಿ ಇಡಬೇಡಿ, ಡಬ್ಬಿಯನ್ನೇ ತೆರೆದು ಇಡಬೇಡಿ.

ಒಂದು ಪ್ರಯೋಗ ಮಾಡಿ ನೋಡಿ. ಒಂದೇ ಬ್ಲೆಂಡನ್ನು ಒಮ್ಮೆ ಡಬ್ಬಿಯಿಂದ ನೇರ ಸೇದಿ, ಮಾರನೇ ದಿನ ಅರ್ಧ ಗಂಟೆ ಒಣಗಿಸಿ ಸೇದಿ. ಎರಡು ಬೇರೆ ಬೇರೆ ತಂಬಾಕೇನೋ ಅನ್ನುವಷ್ಟು ವ್ಯತ್ಯಾಸ ಇರುತ್ತದೆ.

ಹಂತ 6: ಯಾವ ಪೈಪಿನಲ್ಲಿ ಪರೀಕ್ಷಿಸಬೇಕು?

ಬ್ರಯರ್ ಮರದ ಪೈಪು ಸೇದಿದ ತಂಬಾಕಿನ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಲಟಾಕಿಯಾ ಸೇದಿದ ಪೈಪಿನಲ್ಲಿ ಆಮೇಲೆ ವರ್ಜೀನಿಯಾ ಹಾಕಿದರೆ ಅದರಲ್ಲೂ ಸೌದೆ ಹೊಗೆಯೇ ಬರುತ್ತದೆ. ಗಾಢ ಅರೋಮ್ಯಾಟಿಕ್ ಕೂಡ ಹೀಗೇ. ಆಗ ನೀವು ಯಾವ ಎಲೆಯ ರುಚಿ ನೋಡುತ್ತಿದ್ದೀರಿ ಅಂತ ನಿಮಗೇ ತಿಳಿಯುವುದಿಲ್ಲ.

ಇದಕ್ಕೆ ಸುಲಭ ಉಪಾಯ ಜೋಳದ ದಿಂಡಿನ ಪೈಪ್, ಅಂದರೆ ಕಾಬ್ ಪೈಪ್. ಅಮೆರಿಕದ ಮಿಸೌರಿ ರಾಜ್ಯದ ವಾಷಿಂಗ್ಟನ್ ಊರಿನಲ್ಲಿ ಮಿಸೌರಿ ಮೀರ್‌ಶಾಮ್ ಕಂಪನಿ 1869ರಿಂದ ಇವನ್ನು ಮಾಡುತ್ತಿದೆ. ಬೆಲೆ ಕಡಿಮೆ, ಹಗುರ, ತೇವ ಹೀರಿಕೊಳ್ಳುತ್ತದೆ, ಪಳಗಿಸುವ ಕೆಲಸ ಇಲ್ಲ. ಲಟಾಕಿಯಾಕ್ಕೆ ಒಂದು, ಅರೋಮ್ಯಾಟಿಕ್‌ಗೆ ಒಂದು, ಉಳಿದದ್ದಕ್ಕೆ ಒಂದು ಅಂತ ಮೂರು ಕಾಬ್ ಇಟ್ಟುಕೊಂಡರೆ ಗೊಂದಲವೇ ಇಲ್ಲ.

ಹಂತ 7: ಸೇದಿ ನೋಡುವ ಕ್ರಮ

ಹೊಟ್ಟೆ ಖಾಲಿ ಇದ್ದಾಗ ಸೇದಬೇಡಿ. ಬೌಲನ್ನು ಬುಡದಲ್ಲಿ ಸಡಿಲವಾಗಿ, ನಡುವೆ ಸ್ವಲ್ಪ ಬಿಗಿಯಾಗಿ, ಮೇಲೆ ಇನ್ನೂ ಸ್ವಲ್ಪ ಬಿಗಿಯಾಗಿ ತುಂಬಿ. ಹಚ್ಚುವ ಮೊದಲು ಒಮ್ಮೆ ಸುಮ್ನೆ ಎಳೆದು ನೋಡಿ. ಸ್ಟ್ರಾದಲ್ಲಿ ನೀರು ಎಳೆದಷ್ಟು ತಡೆ ಇದ್ದರೆ ಸರಿ. ಮೊದಲ ಸಲ ಹಚ್ಚಿದಾಗ ತಂಬಾಕು ಉಬ್ಬಿ ಮೇಲೇಳುತ್ತದೆ. ಟ್ಯಾಂಪರಿನಿಂದ, ಅಂದರೆ ತಂಬಾಕು ಒತ್ತುವ ಚಿಕ್ಕ ಸಲಕರಣೆಯಿಂದ, ಮೆಲ್ಲಗೆ ಸಮ ಮಾಡಿ ಮತ್ತೆ ಹಚ್ಚಿ. ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡು ಬಿಡಿ, ಎದೆಗೆ ಎಳೆಯಬೇಡಿ.

ನಿಧಾನ ಅಂದರೆ ಎಷ್ಟು ನಿಧಾನ? ಬೌಲನ್ನು ಕೆನ್ನೆಗೆ ಒತ್ತಿ ನೋಡಿ. ಹಿಡಿಯಲಾರದಷ್ಟು ಬಿಸಿ ಇದ್ದರೆ ನೀವು ಅವಸರದಲ್ಲಿದ್ದೀರಿ. ಕೆಳಗಿಡಿ. ಆರಿಹೋದರೆ ಆರಲಿ, ಮತ್ತೆ ಹಚ್ಚಿದರಾಯಿತು ಅಲ್ವಾ? ಆರದಂತೆ ನೋಡಿಕೊಳ್ಳುವ ಹಟದಲ್ಲೇ ಹೊಸಬರು ನಾಲಿಗೆ ಸುಟ್ಟುಕೊಳ್ಳುವುದು.

ತಲೆ ಸುತ್ತು, ಬಿಕ್ಕಳಿಕೆ, ತಣ್ಣನೆ ಬೆವರು, ಹೊಟ್ಟೆ ತೊಳಸು ಬಂದರೆ ನಿಕೋಟಿನ್ ಜಾಸ್ತಿಯಾಯಿತು ಅಂತ ಅರ್ಥ. ಕೂಡಲೇ ಪೈಪ್ ಕೆಳಗಿಟ್ಟು, ಹೊರಗಿನ ಗಾಳಿಗೆ ಬಂದು ಕುಳಿತುಕೊಳ್ಳಿ, ನೀರು ಕುಡಿಯಿರಿ. ವಾಂತಿ ನಿಲ್ಲದಿದ್ದರೆ, ಸುಸ್ತು ಹೆಚ್ಚಾದರೆ ವೈದ್ಯರನ್ನು ನೋಡಿ. ಎದೆಗೆ ಎಳೆಯದಿದ್ದರೂ ಬಾಯಿಯ ಒಳಚರ್ಮದ ಮೂಲಕವೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಬರ್ಲಿಯಂಥ ಎಲೆಯ ಹೊಗೆಯಲ್ಲಿ ಕ್ಷಾರ ಜಾಸ್ತಿ, ಹಾಗಾಗಿ ಅದರಿಂದ ಇನ್ನೂ ಸುಲಭವಾಗಿ ಸೇರುತ್ತದೆ. ಡಬ್ಬಿಯ ಮೇಲೆ ರುಚಿಯ ಗಾಢತೆ ಮತ್ತು ನಿಕೋಟಿನ್‌ನ ಬಲವನ್ನು ಬೇರೆ ಬೇರೆಯಾಗಿ ತೋರಿಸಿದ್ದರೆ ಎರಡನ್ನೂ ನೋಡಿ. ಲಟಾಕಿಯಾದ ರುಚಿ ಗಾಢ, ನಿಕೋಟಿನ್ ಸೌಮ್ಯ ಇರಬಹುದು. ಹಗುರ ವಾಸನೆಯ ಒಂದು ಬ್ಲೆಂಡ್ ತಲೆ ತಿರುಗಿಸಬಹುದು.

ಹಂತ 8: ಐದು ಬೌಲ್ ಆಗುವವರೆಗೆ ತೀರ್ಪು ಬೇಡ

ಒಂದು ಬೌಲ್ ಸೇದಿ ಬ್ಲೆಂಡಿನ ಬಗ್ಗೆ ಏನೂ ಹೇಳಲಾಗದು. ಕನಿಷ್ಠ ಐದು ಸೇದಿ, ಬೇರೆ ಬೇರೆ ದಿನಗಳಲ್ಲಿ. ಚಿಕ್ಕ ಪುಸ್ತಕ ಒಂದಿರಲಿ. ನನ್ನ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ: "ಹಗುರ ಇಂಗ್ಲಿಷ್, ಮೂರನೇ ಬೌಲ್. 20 ನಿಮಿಷ ಒಣಗಿಸಿದ್ದು. ಮೊದಲರ್ಧ ಬರೀ ಹೊಗೆವಾಸನೆ. ಅರ್ಧ ದಾಟಿದ ಮೇಲೆ ಏನೋ ಹುಳಿಸಿಹಿ. ಓರಿಯೆಂಟಲ್ ಇರಬೇಕು. ಎರಡು ಸಲ ಆರಿತು. ನಾಲಿಗೆ ಚೆನ್ನಾಗಿದೆ." ಇಷ್ಟು ಸಾಕು. ಆ "ಏನೋ ಹುಳಿಸಿಹಿ" ಬರೆದಿಟ್ಟಿದ್ದರಿಂದಲೇ ನನಗೆ ಬಾಲ್ಕನ್ ಬ್ಲೆಂಡುಗಳ ಕಡೆ ದಾರಿ ಸಿಕ್ಕಿತು.

ಕಹಿ ಬಂದರೆ, ಉರಿ ಬಂದರೆ ಮೊದಲು ನಿಮ್ಮ ಕೈಯನ್ನು ಅನುಮಾನಿಸಿ. ಒದ್ದೆ ಇತ್ತೇ, ಬಿಗಿಯಾಗಿತ್ತೇ, ಅವಸರ ಮಾಡಿದೆನೇ? ಮೂರಕ್ಕೂ ಇಲ್ಲ ಅಂದರೆ ಮಾತ್ರ ಬ್ಲೆಂಡನ್ನು ದೂರಿ.

ಹಂತ 9: ಮುಂದಿನ ಡಬ್ಬಿ

ಮೂರರಲ್ಲಿ ಯಾವುದಕ್ಕೆ ಕೈ ತಾನಾಗಿ ಹೋಗುತ್ತದೆ ನೋಡಿ. ಆ ಮನೆತನದಲ್ಲೇ ಒಂದು ಹೆಜ್ಜೆ ಮುಂದಿಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ವರ್ಜೀನಿಯಾ ಹಿಡಿಸಿತೇ? ಪೆರೀಕ್ ಸೇರಿದ್ದು ನೋಡಿ, ಎಸ್ಕುಡೊ ಅಂಥದ್ದು. ಅದು ಬಿಲ್ಲೆ ಬಿಲ್ಲೆಯಾಗಿ ಬರುತ್ತದೆ. ಎರಡರ ವ್ಯತ್ಯಾಸವೇ ಪೆರೀಕ್‌ನ ರುಚಿ ಅಂತ ಆಗ ಬಾಯಿಗೇ ಗೊತ್ತಾಗುತ್ತದೆ. ಹಗುರ ಇಂಗ್ಲಿಷ್ ಹಿಡಿಸಿದರೆ ಲಟಾಕಿಯಾ ಜಾಸ್ತಿ ಇರುವುದನ್ನು, ಆಮೇಲೆ ಓರಿಯೆಂಟಲ್ ಜಾಸ್ತಿ ಇರುವುದನ್ನು ನೋಡಿ.

ತೆರೆದ ಡಬ್ಬಿಯಲ್ಲಿ ತಂಬಾಕು ಬೇಗ ಒಣಗುತ್ತದೆ. ರಬ್ಬರ್ ಅಂಚಿನ ಮುಚ್ಚಳ ಇರುವ ಗಾಜಿನ ಜಾಡಿಗೆ ಹಾಕಿ, ಹೆಸರು, ತಾರೀಕು ಬರೆದು ಅಂಟಿಸಿ, ಬೆಳಕು ಬೀಳದ ಕಡೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಇಷ್ಟವಾಗದ್ದನ್ನೂ ಎಸೆಯಬೇಡಿ, ಆರು ತಿಂಗಳು ಬಿಟ್ಟು ಮತ್ತೆ ನೋಡಿ. ಅಷ್ಟರಲ್ಲಿ ನಿಮ್ಮ ಕೈ ಪಳಗಿರುತ್ತದೆ. ವರ್ಜೀನಿಯಾ ಆದರೆ ಜಾಡಿಯಲ್ಲಿ ವರ್ಷಗಟ್ಟಲೆ ಮಾಗುತ್ತದೆ, ಚುರುಕು ಇಳಿದು ರುಚಿ ದುಂಡಗಾಗುತ್ತದೆ. ಅರೋಮ್ಯಾಟಿಕ್‌ಗೆ ಆ ಭಾಗ್ಯ ಇಲ್ಲ, ಪರಿಮಳ ದಿನೇ ದಿನೇ ಮಂಕಾಗುತ್ತದೆ. ಎರಡೂ ಮನೆಯಲ್ಲಿದ್ದರೆ ಅರೋಮ್ಯಾಟಿಕ್ ಮೊದಲು ಮುಗಿಸಿ.